ಫುಟ್‌ಬಾಲ್ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ ಮತ್ತು ಸಂತೋಷ್ ಟ್ರೋಫಿ



ಹುಳಿಯಾರಿನ ಯಾವುದಾದರೂ ಖಾಲಿ ಜಾಗದಲ್ಲಿ ಸಂಜೆ ಹೊತ್ತು ಐದು ನಿಮಿಷ ನಿಂತು ನೋಡಿ. ತೋಟದಲ್ಲಿ ಬಿದ್ದ ತೆಂಗಿನ ಮಟ್ಟೆಯನ್ನು ಬ್ಯಾಟಿನ ಹಾಗೆ ಕೆತ್ತಿಕೊಂಡು ನಮ್ಮ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಅದೇ ಮಟ್ಟೆ ಹಿಡಿದು ಬೆಳೆದವನೇ. ಆದರೆ ಆ ಹುಡುಗರನ್ನು ಹತ್ತಿರ ಕರೆದು ಸಂತೋಷ್ ಟ್ರೋಫಿ ಎಂದರೆ ಏನು ಎಂದು ಕೇಳಿ. ಯಾರೋ ಸಂತೋಷ್ ಎಂಬ ಆಟಗಾರನ ಹೆಸರಿರಬೇಕು ಎಂದು ಒಬ್ಬ ಹೇಳುತ್ತಾನೆ. ಗೆದ್ದವರಿಗೆ ಸಂತೋಷವಾಗುತ್ತದಲ್ಲ, ಅದಕ್ಕೇ ಆ ಹೆಸರು ಎಂದು ಇನ್ನೊಬ್ಬ ನಗುತ್ತಾನೆ. ಇಬ್ಬರದೂ ಸರಿಯಲ್ಲ. ಸಂತೋಷ ಎಂಬುದು ಒಂದು ಊರು. ಅದು ಇಂದು ಬಾಂಗ್ಲಾದೇಶದಲ್ಲಿದೆ. ಆ ಊರಿನ ಜಮೀನ್ದಾರರಾಗಿದ್ದ ಸರ್ ಮನ್ಮಥನಾಥ ರಾಯ್ ಚೌಧರಿಯವರು ಕಲ್ಕತ್ತದ ಫುಟ್‌ಬಾಲ್ ಸಂಸ್ಥೆಯಾದ ಐಎಫ್‌ಎ ಅಧ್ಯಕ್ಷರಾಗಿದ್ದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಅವರ ನೆನಪಿಗೆ ಆ ಸಂಸ್ಥೆ ಒಂದು ಕಪ್ ಕೊಟ್ಟಿತು. ಪ್ರಾಂತ್ಯ ಪ್ರಾಂತ್ಯಗಳ ತಂಡಗಳು ಪರಸ್ಪರ ಆಡುವ ಆ ರಾಷ್ಟ್ರೀಯ ಚಾಂಪಿಯನ್‌ಷಿಪ್ 1941ರಲ್ಲಿ ಶುರುವಾಯಿತು. ಮೊದಲ ಫೈನಲ್‌ನಲ್ಲಿ ಬಂಗಾಳ ದೆಹಲಿಯನ್ನು 5–1ರಿಂದ ಸೋಲಿಸಿತು.

ಈ ಪಂದ್ಯಾವಳಿಯ ಕಥೆಯನ್ನು ಇಸವಿಗಳ ಪಟ್ಟಿಯಾಗಿ ಹೇಳಿದರೆ ನೀವು ಎರಡನೇ ಪುಟಕ್ಕೇ ಪುಸ್ತಕ ಮಡಚುತ್ತೀರಿ. ಹಾಗಾಗಿ ಒಬ್ಬ ಮನುಷ್ಯನ ಬದುಕಿನ ಮೂಲಕ ಹೇಳುತ್ತೇನೆ. ಅವರು ರಾಜರಲ್ಲ, ಜಮೀನ್ದಾರರಲ್ಲ, ಸಂಬಳಕ್ಕೆ ಪಾಠ ಹೇಳುತ್ತಿದ್ದ ಒಬ್ಬ ಶಾಲಾ ಮೇಷ್ಟ್ರು. ಹೆಸರು ಸೈಯದ್ ಅಬ್ದುಲ್ ರಹೀಂ. 2024ರಲ್ಲಿ ತೆರೆಗೆ ಬಂದ ಮೈದಾನ್ ಎಂಬ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಅವರದೇ ಕಥೆ. ಸಿನಿಮಾ ಎಂದ ಮೇಲೆ ಕೂಡುವುದು ಕಳೆಯುವುದು ಇದ್ದೇ ಇರುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ನಡೆದ ಸಂಗತಿಯನ್ನು ಮಾತ್ರ.

ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನದ ರಾಜಧಾನಿ. ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಆ ಸಂಸ್ಥಾನದಲ್ಲೇ ಇದ್ದವು ಎಂಬುದನ್ನು ಮರೆಯಬೇಡಿ, ಮುಂದೆ ಈ ಮಾತು ಬೇಕಾಗುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಿ.ಎ. ಪದವಿ ಪಡೆದರು. ಓದುವಾಗಲೇ ವಿಶ್ವವಿದ್ಯಾಲಯದ ತಂಡಕ್ಕೆ ಫುಟ್‌ಬಾಲ್ ಆಡಿದರು. ನಂತರ ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಯ ಶಾಲೆಗಳಲ್ಲಿ ಅಧ್ಯಾಪಕರಾದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟಗಳ ಹೊಣೆ ಹೊತ್ತರು. ನಮ್ಮ ಕಡೆಯ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ಕಿತ್ತುಕೊಳ್ಳುವುದು ನಿಮಗೆ ಗೊತ್ತೇ ಇದೆ. ಅಂಥ ಪೀರಿಯಡ್ಡಿನಿಂದಲೇ ಒಬ್ಬರು ದೇಶದ ಆಟವನ್ನು ಕಟ್ಟಿದರು ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆಗ ದಕ್ಷಿಣದಲ್ಲಿ ಫುಟ್‌ಬಾಲ್ ಎಂದರೆ ಎಲ್ಲರ ಕಣ್ಣು ಬೆಂಗಳೂರಿನ ಮೇಲೆ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಅದಕ್ಕೆ ಮೊದಲು ಆ ಕಪ್ಪನ್ನು ಮಿಲಿಟರಿಯವರಲ್ಲದ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಮರುವರ್ಷವೂ ಅದೇ ತಂಡ ಗೆದ್ದಿತು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮತ್ತೊಮ್ಮೆ. ಇನ್ನು ಸಂತೋಷ್ ಟ್ರೋಫಿಯಲ್ಲಿ ನಮ್ಮ ಮೈಸೂರು ತಂಡ 1946–47ರಲ್ಲಿ ಬಂಗಾಳವನ್ನೇ ಸೋಲಿಸಿ ಚಾಂಪಿಯನ್ ಆಯಿತು. ಮೂರನೇ ಸ್ಥಾನಕ್ಕೆ ಕೊಡುವ ಸಂಪಂಗಿ ಕಪ್ ಕೂಡ ನಮ್ಮವರದೇ ಕೊಡುಗೆ. ಸಂಪಂಗಿ ಎಂಬ ಮೈಸೂರಿನ ಆಟಗಾರರ ನೆನಪಿಗೆ ಮೈಸೂರು ಫುಟ್‌ಬಾಲ್ ಸಂಸ್ಥೆ ಅದನ್ನು ಕೊಟ್ಟಿತು. ಹೈದರಾಬಾದಿಗೆ ಇಂಥ ಹೆಸರು ಆಗ ಇರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಆ ದಿನಗಳ ಕಷ್ಟನಷ್ಟಗಳ ಕಥೆ ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆ ಗಾಯ ಆರುವ ಮೊದಲೇ 1949–50ರ ಸಾಲಿನಲ್ಲಿ ಹೈದರಾಬಾದ್ ತಂಡ ಕಲ್ಕತ್ತದಲ್ಲಿ ಸಂತೋಷ್ ಟ್ರೋಫಿ ಫೈನಲ್‌ವರೆಗೆ ಹೋಯಿತು. ಅಲ್ಲಿ ಬಂಗಾಳದ ಕೈಯಲ್ಲಿ 5–0 ಸೋಲು. ಮರುವರ್ಷವೂ ಅದೇ ಊರು, ಅದೇ ಎದುರಾಳಿ, ಆದರೆ ಈ ಸಲ ಸೋತಿದ್ದು ಒಂದೇ ಗೋಲಿನಿಂದ. ಐದು ಗೋಲಿನ ಅಂತರ ಒಂದೇ ವರ್ಷದಲ್ಲಿ ಒಂದಕ್ಕೆ ಇಳಿದದ್ದನ್ನು ಗಮನಿಸಿ. ಆ 1950ರಲ್ಲೇ ರಹೀಂ ಸಾಹೇಬರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರೂ ಆದರು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು.

ಇದನ್ನು ಅವರು ಹೇಗೆ ಸಾಧಿಸಿದರು? ಇಲ್ಲೇ ಅವರ ಮೇಷ್ಟ್ರುತನ ಕಾಣುವುದು.

ಆ ಕಾಲದ ನಮ್ಮ ಆಟಗಾರರಿಗೆ ಚೆಂಡು ಕಾಲಿಗೆ ಸಿಕ್ಕರೆ ಬಿಡುವ ಮನಸ್ಸೇ ಇರಲಿಲ್ಲ. ಒಬ್ಬನೇ ನಾಲ್ವರನ್ನು ತಪ್ಪಿಸಿಕೊಂಡು ಹೋಗುವುದು, ಜನ ಶಿಳ್ಳೆ ಹೊಡೆಯುವುದು, ಐದನೆಯವನು ಬಂದು ಚೆಂಡು ಕಸಿದುಕೊಳ್ಳುವುದು. ಇದಕ್ಕೆ ರಹೀಂ ಸಾಹೇಬರು ಮಾಡಿದ ಮದ್ದು ಬೈಗುಳವಲ್ಲ, ಭಾಷಣವೂ ಅಲ್ಲ. ಚೆಂಡನ್ನು ಉರುಳಿಸಿಕೊಂಡು ಓಡುವಂತೆಯೇ ಇಲ್ಲ ಎಂಬ ನಿಯಮದ ಪಂದ್ಯಾವಳಿಗಳನ್ನು ಹುಡುಗರಿಗಾಗಿ ಏರ್ಪಡಿಸಿದರು. ಚೆಂಡು ಬಂತೋ, ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ದಾಟಿಸಬೇಕಾದರೆ ಜೊತೆಗಾರ ಎಲ್ಲಿದ್ದಾನೆಂದು ಚೆಂಡು ಬರುವ ಮೊದಲೇ ನೋಡಿಕೊಂಡಿರಬೇಕು. ಹಾಗೆಯೇ ಬಲಗಾಲಿನವರು ಎಡಗಾಲಿನಲ್ಲಿ, ಎಡಗಾಲಿನವರು ಬಲಗಾಲಿನಲ್ಲಿ ಮಾತ್ರ ಒದೆಯಬೇಕೆಂಬ ಪಂದ್ಯಾವಳಿಗಳನ್ನೂ ನಡೆಸಿದರು. ಗಣಿತದಲ್ಲಿ ಹಿಂದುಳಿದ ಹುಡುಗನಿಗೆ ಗಣಿತವನ್ನೇ ಹೆಚ್ಚು ಹೇಳಿಕೊಡುವ ಮೇಷ್ಟ್ರ ಕ್ರಮ ಇದು. ಯಾವ ಕಾಲು ಬಾರದೋ ಆ ಕಾಲಿಗೇ ಪಾಠ. ಇದಕ್ಕೆ ದುಡ್ಡು ಬೇಕಿಲ್ಲ, ಹುಲ್ಲಿನ ಮೈದಾನ ಬೇಕಿಲ್ಲ, ಒಂದು ಚೆಂಡು ಸಾಕು. ನಮ್ಮ ಊರಿನಲ್ಲೂ ಒಂದು ಭಾನುವಾರ ಮಾಡಿ ನೋಡಬಹುದಾದ ಪ್ರಯೋಗ ಇದು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಸಂತೋಷ್ ಟ್ರೋಫಿಯನ್ನು ಅವರು ನೋಡಿದ್ದೂ ಇದೇ ಕಣ್ಣಿನಿಂದ. ಬಂಗಾಳಕ್ಕೆ ಕಲ್ಕತ್ತದ ದೊಡ್ಡ ಕ್ಲಬ್ಬುಗಳಿದ್ದವು, ದೇಶದ ಎಲ್ಲ ಮೂಲೆಯಿಂದ ಆಟಗಾರರು ಅಲ್ಲಿಗೆ ಹೋಗುತ್ತಿದ್ದರು. ನಮ್ಮ ಬೆಂಗಳೂರಿನ ಅಹಮದ್ ಖಾನ್ ಅವರೇ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ ಅಲ್ಲಿ ಮನೆಮಾತಾದರು. ಸಣ್ಣ ಪ್ರಾಂತ್ಯದ ಒಬ್ಬ ಹುಡುಗ ದೇಶದ ಕಣ್ಣಿಗೆ ಬೀಳಬೇಕಾದರೆ ಅವನಿಗಿದ್ದ ಬಾಗಿಲು ರಾಜ್ಯ ತಂಡ, ಆ ತಂಡ ಆಡುವ ಸಂತೋಷ್ ಟ್ರೋಫಿ. ದೂರದರ್ಶನವಿಲ್ಲದ ಕಾಲ ಅದು ಎಂಬುದು ನೆನಪಿರಲಿ.

ಆ ಬಾಗಿಲಿನಿಂದ ಬಂದವರಲ್ಲಿ ತುಳಸೀದಾಸ್ ಬಲರಾಂ ಅವರ ಸಂಗತಿಯನ್ನು ಹೇಳಲೇಬೇಕು. ಸಿಕಂದರಾಬಾದಿನ ಹತ್ತಿರದ ಅಮ್ಮುಗುಡದ ಬಡ ಕುಟುಂಬದ ಹುಡುಗ. ಅವನ ಆಟವನ್ನು ಕಂಡ ರಹೀಂ ಸಾಹೇಬರು 1956ರ ಸಂತೋಷ್ ಟ್ರೋಫಿಗೆ ನಡೆಯುತ್ತಿದ್ದ ತರಬೇತಿ ಶಿಬಿರಕ್ಕೆ ಬರಹೇಳಿದರು. ದಿನವೂ ಹೈದರಾಬಾದಿಗೆ ಹೋಗಿಬರಲು ತನ್ನಲ್ಲಿ ಹಣವಿಲ್ಲವೆಂದು ಹುಡುಗ ಹೇಳಿಕೊಂಡ. ಬಾಡಿಗೆ ಸೈಕಲ್ ತೆಗೆದುಕೊಂಡು ಬಾ ಎಂದು ರಹೀಂ ಸಾಹೇಬರು ಕೈಯಿಂದ ರೂಪಾಯಿ ಕೊಟ್ಟರು. ಬಲರಾಂ ಇದನ್ನು ಮುಪ್ಪಿನಲ್ಲೂ ನೆನೆಯುತ್ತಿದ್ದರು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಭಾರತದ ಅತ್ಯುತ್ತಮ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರೆಂದು ಬರೆದವು. ಆ ಸೈಕಲ್ ಬಾಡಿಗೆ ಯಾರೂ ಕೊಡದೆ ಹೋಗಿದ್ದರೆ?

ಆ 1956–57ರ ಸಾಲಿನ ಟ್ರೋಫಿ ನಡೆದದ್ದು ತಿರುವನಂತಪುರದಲ್ಲಿ. ಫೈನಲ್‌ನಲ್ಲಿ ಹೈದರಾಬಾದಿಗೆ ಬಾಂಬೆ ಎದುರಾಳಿ. ಮೊದಲ ಪಂದ್ಯ ಸಮವಾಯಿತು, ಮರುಪಂದ್ಯದಲ್ಲಿ ಹೈದರಾಬಾದ್ 4–1ರಿಂದ ಗೆದ್ದಿತು. ಐದು ಗೋಲು ತಿಂದು ಬಂದ ತಂಡ ಆರೇಳು ವರ್ಷಗಳಲ್ಲಿ ದೇಶದ ಚಾಂಪಿಯನ್ ಆಗಿತ್ತು. ವಿಚಿತ್ರವೆಂದರೆ ಅದೇ 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಎಂಬುದೇ ಇಲ್ಲವಾಯಿತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬಯಿಗೆ, ಬೀದರ್ ಗುಲ್ಬರ್ಗಾ ರಾಯಚೂರು ನಮ್ಮ ಕಡೆಗೆ. ಆದರೆ ಫುಟ್‌ಬಾಲ್ ಸಂಸ್ಥೆಗಳು ಅಷ್ಟು ಬೇಗ ಬದಲಾಗಲಿಲ್ಲ. 1957–58ರ ಟ್ರೋಫಿ ಹೈದರಾಬಾದಿನಲ್ಲೇ ನಡೆಯಿತು, ಫೈನಲ್‌ನಲ್ಲಿ ಮತ್ತೆ ಬಾಂಬೆಯನ್ನೇ ಸೋಲಿಸಿ ಹೈದರಾಬಾದ್ ಗೆದ್ದಿತು. ನಕ್ಷೆಯಲ್ಲಿ ಇಲ್ಲದ ರಾಜ್ಯವೊಂದು ರಾಷ್ಟ್ರೀಯ ಚಾಂಪಿಯನ್!

ಈಗ ಸ್ವಲ್ಪ ಹಿಂದಕ್ಕೆ ಹೋಗಿ ದೇಶದ ತಂಡದ ವಿಷಯ ಹೇಳಬೇಕು. ರಹೀಂ ಸಾಹೇಬರು 1950ರ ಹೊತ್ತಿಗೆ ಭಾರತ ತಂಡದ ತರಬೇತುದಾರರಾದರು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಪಡೆಯಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿ ಆದದ್ದು ಅವಮಾನ. ಚಳಿಯ ನಾಡಿನಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು, ಯುಗೊಸ್ಲಾವಿಯಾ 10–1ರಿಂದ ಸೋಲಿಸಿ ಕಳಿಸಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್. ಅದಾದ ಮೇಲೆ ಬೂಟು ಹಾಕಿಕೊಂಡೇ ಆಡಬೇಕೆಂದು ಅಖಿಲ ಭಾರತ ಸಂಸ್ಥೆ ಕಡ್ಡಾಯ ಮಾಡಿತು.

ಹತ್ತು ಗೋಲು ತಿಂದ ತಂಡದ ಮೇಷ್ಟ್ರಿಗೆ ಮುಖ ತೋರಿಸುವುದೇ ಕಷ್ಟ. ಅಂಥ ಸೋಲಿನ ನಂತರ ಬೇರೆಯವರಾದರೆ ಆಟಗಾರರ ಮೇಲೋ ಹವೆಯ ಮೇಲೋ ತಪ್ಪು ಹೊರಿಸಿ ಕೈತೊಳೆದುಕೊಳ್ಳುತ್ತಿದ್ದರು. ಅದೇ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದದ್ದು ಹಂಗೇರಿ. ನಡುಮುಂದಿನ ಆಟಗಾರನನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸಿ ಎದುರಾಳಿಯ ರಕ್ಷಣೆಯನ್ನು ಗೊಂದಲಕ್ಕೆ ಬೀಳಿಸುವುದು ಹಂಗೇರಿಯವರ ತಂತ್ರವಾಗಿತ್ತು. ರಹೀಂ ಸಾಹೇಬರು ಆ ಪಾಠವನ್ನು ಕಲಿತು ತಮ್ಮ ಹುಡುಗರಿಗೆ ಹೊಂದುವಂತೆ ತಿದ್ದಿಕೊಂಡರು. ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಏಷ್ಯಾದ ತಂಡವೊಂದು ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಎದುರಾಳಿ ಮತ್ತೆ ಅದೇ ಯುಗೊಸ್ಲಾವಿಯಾ. ನಮ್ಮವರೇ ಮೊದಲು ಗೋಲು ಹೊಡೆದರು, ಕೊನೆಗೆ 4–1ರಿಂದ ಸೋತರು. ಕಂಚಿಗಾಗಿ ನಡೆದ ಪಂದ್ಯವನ್ನೂ ಬಲ್ಗೇರಿಯಾ ಗೆದ್ದುಕೊಂಡಿತು. ನಾಲ್ಕನೇ ಸ್ಥಾನ. ಇಂದಿನವರೆಗೆ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ಅದಕ್ಕಿಂತ ಮೇಲೆ ಹೋಗಿಲ್ಲ. ಆ ತಂಡದಲ್ಲಿ ಹೈದರಾಬಾದಿನ ಬಲರಾಂ, ನೂರ್ ಮಹಮ್ಮದ್, ಅಜೀಜುದ್ದೀನ್, ಅಬ್ದುಲ್ ಲತೀಫ್ ಇದ್ದರು. ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

1960ರ ರೋಂ ಒಲಿಂಪಿಕ್ಸ್‌ನ ಒಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ಭಾರತ ಅಲ್ಲಿ ಹಂಗೇರಿಗೆ 2–1ರಿಂದ ಸೋತಿತು, ಫ್ರಾನ್ಸ್ ಜೊತೆ 1–1 ಸಮ ಮಾಡಿಕೊಂಡಿತು, ಪೆರುವಿಗೆ 3–1ರಿಂದ ಸೋತಿತು. ಆ ತಂಡದಲ್ಲಿ ಸೈಯದ್ ಶಾಹಿದ್ ಹಕೀಂ ಎಂಬ ಯುವಕನಿದ್ದ. ರಹೀಂ ಸಾಹೇಬರ ಸ್ವಂತ ಮಗ. ಒಂದು ಪಂದ್ಯದಲ್ಲೂ ಅವನನ್ನು ತಂದೆ ಕಣಕ್ಕಿಳಿಸಲಿಲ್ಲ. ಮಗನಿಗೆ ಬೇಸರವಾಗಿರಲಾರದೇ? ತಂದೆಗೆ ಸುಲಭವಾಗಿತ್ತೇ? ನಮ್ಮ ಸಂಘ ಸಂಸ್ಥೆಗಳಲ್ಲಿ ಕುರ್ಚಿ ಮೇಲೆ ಕೂತವರ ಮಕ್ಕಳು ಹೇಗೆ ಮುಂದೆ ಬರುತ್ತಾರೆಂದು ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಹಕೀಂ ವಾಯುಸೇನೆ ಸೇರಿ ಸರ್ವಿಸಸ್ ತಂಡಕ್ಕೆ ಆಡಿದರು. ಅದೇ 1960–61ರಲ್ಲಿ ಸರ್ವಿಸಸ್ ತಂಡ ಫೈನಲ್‌ನಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು.

ಈ ಹೊತ್ತಿಗೆ ರಹೀಂ ಸಾಹೇಬರ ಆರೋಗ್ಯ ಕೆಟ್ಟಿತ್ತು. ಶ್ವಾಸಕೋಶದ ಕ್ಯಾನ್ಸರ್. ಆ ಸ್ಥಿತಿಯಲ್ಲೇ 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ತಂಡ ಕರೆದುಕೊಂಡು ಹೋದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2–0 ಸೋಲು. ಥಾಯ್ಲೆಂಡನ್ನು 4–1ರಿಂದ ಸೋಲಿಸಿದ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡು ಹೊಲಿಗೆ ಹಾಕಿಸಿಕೊಂಡರು. ನಂತರ ಜಪಾನನ್ನು 2–0ರಿಂದ ಸೋಲಿಸಿ ಭಾರತ ಸೆಮಿಫೈನಲ್ ಸೇರಿತು.

ಮೈದಾನದ ಹೊರಗೆ ಇನ್ನೂ ದೊಡ್ಡ ತೊಂದರೆ. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಇಂಡೊನೇಷ್ಯಾ ಪ್ರವೇಶ ಕೊಡದಿದ್ದುದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಪ್ರತಿಭಟಿಸಿ, ಈ ಕೂಟವನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯಬಾರದೆಂದು ವಾದಿಸಿದ್ದರು. ಜಕಾರ್ತದ ಜನ ಸಿಟ್ಟಿಗೆದ್ದು ಭಾರತದ ರಾಯಭಾರ ಕಚೇರಿಯ ಮೇಲೇ ನುಗ್ಗಿದರು. ಇಂಥ ವಾತಾವರಣದಲ್ಲಿ ದಕ್ಷಿಣ ವಿಯೆಟ್ನಾಂ ತಂಡವನ್ನು 3–2ರಿಂದ ಸೋಲಿಸಿ ಭಾರತ ಫೈನಲ್ ತಲುಪಿತು. ತಲೆಗೆ ಗಾಯವಾದ ಜರ್ನೈಲ್ ಸಿಂಗ್ ರಕ್ಷಣೆಯಲ್ಲಿ ನಿಂತು ಚೆಂಡಿಗೆ ತಲೆ ಕೊಡುವುದು ಅಪಾಯ. ಹಾಗೆಂದು ಅಂಥ ಆಟಗಾರನನ್ನು ಹೊರಗೆ ಕೂರಿಸಲು ರಹೀಂ ಸಾಹೇಬರಿಗೆ ಮನಸ್ಸಿಲ್ಲ. ಸೆಮಿಫೈನಲ್‌ಗೇ ಅವರನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದರು. ಅವರು ಗೋಲು ಹೊಡೆದರು. ಫೈನಲ್‌ಗೂ ಅದೇ ಏರ್ಪಾಡು.

ಫೈನಲ್‌ನ ಹಿಂದಿನ ರಾತ್ರಿ ರಹೀಂ ಸಾಹೇಬರು ಹುಡುಗರನ್ನು ಕೂಡಿಸಿ, ನಾಳೆ ತನಗೆ ಒಂದು ಉಡುಗೊರೆ ಬೇಕು, ಅದು ಚಿನ್ನದ ಪದಕ ಎಂದು ಕೇಳಿಕೊಂಡರಂತೆ. 1962ರ ಸೆಪ್ಟೆಂಬರ್ 4. ಸೆನಾಯನ್ ಕ್ರೀಡಾಂಗಣದಲ್ಲಿ ಲಕ್ಷದ ಆಸುಪಾಸು ಜನ, ಭಾರತದ ಹೆಸರು ಕೇಳಿದರೆ ಕೂಗಾಟ. ನಮ್ಮವರಿಗೆ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ಮುಂದೆ ನೆನೆದಿದ್ದಾರೆ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಇನ್ನೊಂದು, ಇಪ್ಪತ್ತು ನಿಮಿಷದೊಳಗೆ ಎರಡು ಗೋಲು. ಕೊರಿಯಾ ಕೊನೆಗೆ ಒಂದನ್ನು ತೀರಿಸಿತು, ಅಷ್ಟೇ. 2–1. ಚುನಿ ಗೋಸ್ವಾಮಿ ನಾಯಕತ್ವದ ಆ ತಂಡದಲ್ಲಿ ಬಂಗಾಳದವರು, ಪಂಜಾಬಿನವರು, ಹೈದರಾಬಾದಿನವರು, ನಮ್ಮ ಬೆಂಗಳೂರಿನ ಅರುಮೈನಾಯಗಂ, ಹೀಗೆ ಸಂತೋಷ್ ಟ್ರೋಫಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡಿದವರೆಲ್ಲ ಇದ್ದರು. ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಆಮೇಲೆ ಚಿನ್ನ ಬಂದಿಲ್ಲ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಂ ಸಾಹೇಬರು ತೀರಿಕೊಂಡರು. ವಯಸ್ಸು 53. ಅವರ ಹೆಸರಿನಲ್ಲಿ ಗ್ರಂಥವಿಲ್ಲ, ದೊಡ್ಡ ಆಸ್ತಿಯಿಲ್ಲ. ಅವರ ವಿದ್ಯೆಯೆಲ್ಲ ಶಿಷ್ಯರ ಕಾಲಿನಲ್ಲಿತ್ತು. ಅವರು ಹೋದ ಎರಡೂವರೆ ವರ್ಷದಲ್ಲಿ, 1965–66ರ ಸಾಲಿನಲ್ಲಿ, ಆಂಧ್ರ ಪ್ರದೇಶ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಆ ಸೀಮೆಗೆ ಅದು ದಕ್ಕಲೇ ಇಲ್ಲ.

ನಮ್ಮ ಕಥೆಯೂ ಹೆಚ್ಚು ಬೇರೆಯಲ್ಲ. 1952–53ರಲ್ಲಿ ಮೈಸೂರು ಎರಡನೇ ಸಲ ಗೆದ್ದಿತ್ತು. 1962–63ರಲ್ಲಿ ಬೆಂಗಳೂರಿನಲ್ಲೇ ಬಂಗಾಳಕ್ಕೆ ಫೈನಲ್ ಸೋತಿತು. 1967–68ರಲ್ಲಿ ಕಟಕ್‌ನಲ್ಲಿ, 1968–69ರಲ್ಲಿ ಬೆಂಗಳೂರಿನಲ್ಲಿ, ಎರಡೂ ಸಲ ಬಂಗಾಳವನ್ನು ಸೋಲಿಸಿ ಚಾಂಪಿಯನ್ ಆಯಿತು. ನಂತರ ರಾಜ್ಯದ ಹೆಸರು ಕರ್ನಾಟಕವಾಯಿತು, ಹೊಸ ಹೆಸರಿನಲ್ಲಿ ಕಪ್ ಬರಲು 2023ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ 1996ರಲ್ಲಿ ರಾಷ್ಟ್ರೀಯ ಲೀಗ್, 2014ರಲ್ಲಿ ಐಎಸ್‌ಎಲ್ ಬಂದು ಹೆಸರಾಂತ ಆಟಗಾರರೆಲ್ಲ ಕ್ಲಬ್ಬುಗಳ ಪಾಲಾದರು. ರಾಜ್ಯ ತಂಡದ ಪಂದ್ಯಕ್ಕೆ ಮೊದಲಿನ ಜನ ಬರಲಿಲ್ಲ. ಆದರೂ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ, ದೊರೆ ಫಹದ್ ಹೆಸರಿನ ಕ್ರೀಡಾಂಗಣದಲ್ಲಿ, ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಈ ಪಂದ್ಯಾವಳಿಯ ಫೈನಲ್ ದೇಶದ ಹೊರಗೆ ನಡೆದದ್ದು ಅದೇ ಮೊದಲು. ಅಂದು ನಮ್ಮೂರಿನ ಚಹಾದಂಗಡಿಯಲ್ಲಿ ಈ ಸುದ್ದಿ ಹೇಳಿದಾಗ ಕೇಳಿದವರು ಕ್ರಿಕೆಟ್ ಸ್ಕೋರು ಎಷ್ಟಾಯಿತು ಎಂದರು!

ರೋಮಿನಲ್ಲಿ ಆಡಲು ಅವಕಾಶ ಸಿಗದ ಆ ಮಗ ಹಕೀಂ ಮುಂದೆ ಅಂತರರಾಷ್ಟ್ರೀಯ ರೆಫರಿಯಾದರು, ತರಬೇತುದಾರರಾದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ. ಅವರ ತಂದೆ ಕಾರ್ಯದರ್ಶಿಯಾದಾಗ ಅದು ಗುಲ್ಬರ್ಗಾ, ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಮೂರು ವರ್ಷದ ನಂತರ, 2024ರ ಡಿಸೆಂಬರ್ 31ರಂದು, ಸಂತೋಷ್ ಟ್ರೋಫಿಯ ಫೈನಲ್ ರಹೀಂ ಸಾಹೇಬರ ಊರಾದ ಹೈದರಾಬಾದಿನಲ್ಲಿ ನಡೆಯಿತು. ಕೇರಳವನ್ನು ಒಂದೇ ಗೋಲಿನಿಂದ ಸೋಲಿಸಿ ಕಪ್ ಒಯ್ದದ್ದು ಬಂಗಾಳ, ಅದು ಅವರಿಗೆ 33ನೇ ಸಲ. ಗೆದ್ದವರ ಆ ಉದ್ದನೆಯ ಪಟ್ಟಿಯಲ್ಲಿ ಹೈದರಾಬಾದ್ ಎಂಬ ಹೆಸರು ಇರುವುದು ಎರಡೇ ಕಡೆ, 1956–57 ಮತ್ತು 1957–58.